ಸಣ್ಣ ಟೇಬಲ್ ಮೇಲೆ ಕೂರುವಂಥ ಪಿಸಿ ಅಸೆಂಬಲ್ ಮಾಡಬೇಕು, ಯಾವ ಕ್ಯಾಬಿನೆಟ್ ತಗೊಳ್ಳಲಿ?

ನೀವು ಬರೆದದ್ದು ಇಷ್ಟು: ಬಾಡಿಗೆ ಮನೆ, ಪುಟ್ಟ ಟೇಬಲ್, ಬಿಗಿ ಬಜೆಟ್, ಸದ್ಯಕ್ಕೆ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ರೈಜನ್ 5 5600ಜಿ (ಗ್ರಾಫಿಕ್ಸ್ ಒಳಗೇ ಇರುವ ಎಎಂಡಿ ಪ್ರೊಸೆಸರ್), ಮುಂದಿನ ವರ್ಷ ಒಂದು ಕಾರ್ಡ್ ಹಾಕುವ ಆಸೆ. ಜೊತೆಗೆ, ಕ್ಯಾಬಿನೆಟ್ ಹತ್ತು ಲೀಟರ್ ಒಳಗೇ ಇರಬೇಕು. ಈ ಕೊನೆಯದನ್ನು ಮಾತ್ರ ಕೈಬಿಡಿ ಅಂತೀನಿ. ಮೊದಲ ಸಲ ಕಟ್ಟುವವರು 15ರಿಂದ 20 ಲೀಟರ್ ನೋಡುವುದು ಒಳ್ಳೆಯದು.

ಪಿಸಿ ಏನು ಹಾಲಾ, ಲೀಟರಲ್ಲಿ ಅಳೆಯೋದಕ್ಕೆ ಅಂತ ನಮ್ಮ ಮನೆಯಲ್ಲಿ ನಕ್ಕಿದ್ದರು. ಉದ್ದ, ಅಗಲ, ಎತ್ತರ ಗುಣಿಸಿದರೆ ಬರುವ ಲೆಕ್ಕ, ಅಷ್ಟೆ. ಮಾಮೂಲಿ ಕ್ಯಾಬಿನೆಟ್ 40–50 ಲೀಟರ್ ಇರುತ್ತದೆ. ಮನೆಗೆ ತರಿಸುವ ನೀರಿನ ಕ್ಯಾನ್ 20 ಲೀಟರ್. ಹತ್ತು ಲೀಟರ್ ಅಂದರೆ ಆ ಕ್ಯಾನಿನ ಅರ್ಧ. ಮದರ್‌ಬೋರ್ಡು, ಎಲ್ಲಕ್ಕೂ ಕರೆಂಟ್ ಕೊಡುವ ಎಸ್‌ಎಂಪಿಎಸ್, ಪ್ರೊಸೆಸರ್ ತಂಪಾಗಿಡುವ ಕೂಲರ್, ಗ್ರಾಫಿಕ್ಸ್ ಕಾರ್ಡು, ಅದರ ಮೇಲೆ ಬಗ್ಗದ ದಪ್ಪ ಕೇಬಲ್ಲುಗಳು, ಎಲ್ಲವನ್ನೂ ಅದರೊಳಗೆ ತುರುಕಬೇಕು. ಆಗುತ್ತದೆ, ಆದರೆ ಪ್ರತಿಯೊಂದು ಪಾರ್ಟನ್ನೂ ಕ್ಯಾಬಿನೆಟ್ ಹೇಳಿದ ಹಾಗೇ ಕೊಳ್ಳಬೇಕಾಗುತ್ತದೆ.

ಈ ಲೀಟರ್ ಲೆಕ್ಕವನ್ನೂ ಸುಮ್ನೆ ನಂಬಬೇಡಿ. ನಾನು ಈಗ ಬಳಸುತ್ತಿರುವ ಕೂಲರ್ ಮಾಸ್ಟರ್ ಕಂಪನಿಯ ಎನ್‌ಆರ್200 ಕ್ಯಾಬಿನೆಟ್ಟನ್ನೇ ತಗೊಳ್ಳಿ. 18.25 ಲೀಟರ್ ಅನ್ನುತ್ತಾರೆ. 360, 185, 274 ಮಿ.ಮೀ. ಗುಣಿಸಿದರೆ ಸರಿಯಾಗಿ ಅಷ್ಟೇ ಬರುತ್ತದೆ. ಆದರೆ ಕಾಲು, ಹೊರಗೆ ಚಾಚಿದ ಭಾಗ ಎಲ್ಲಾ ಸೇರಿಸಿದರೆ ಅದು 376, 185, 292. ಈಗ 20 ಲೀಟರ್ ದಾಟಿತು. ಟೇಬಲ್ಲಿಗೆ ಬೇಕಾದದ್ದು ಈ ಎರಡನೇ ಅಳತೆ. ಅದರಲ್ಲೂ ಉದ್ದ ಮತ್ತು ಅಗಲ. ಎತ್ತರ ಯಾರಿಗೂ ಅಡ್ಡ ಬರುವುದಿಲ್ಲ. ಹಿಂದೆ ಎಚ್‌ಡಿಎಂಐ ಕೇಬಲ್ ಬಗ್ಗುವುದಕ್ಕೆ ಇನ್ನೂ ಎರಡು-ಮೂರು ಇಂಚು ಬಿಡಬೇಕು. ನಾನು ಕೊಳ್ಳುವ ಮೊದಲು ಹಳೆಯ ರಟ್ಟಿನ ಡಬ್ಬವನ್ನು ಇದೇ ಅಳತೆಗೆ ಕತ್ತರಿಸಿ, ಟೇಪ್ ಹಾಕಿ, ಎರಡು ದಿನ ಟೇಬಲ್ ಮೇಲೆ ಇಟ್ಟುಕೊಂಡಿದ್ದೆ. ಎಡಗಡೆ ಇಟ್ಟರೆ ಕಾಫಿ ಲೋಟಕ್ಕೆ ಜಾಗವಿಲ್ಲ, ಬಲಗಡೆ ಇಟ್ಟರೆ ಮೌಸ್ ತಾಗುತ್ತದೆ. ಕೊನೆಗೆ ಮಾನಿಟರನ್ನು ಗೋಡೆಗೆ ತಳ್ಳಿದ ಮೇಲೆ ಸರಿಹೋಯಿತು. ಇದಕ್ಕೆ ಖರ್ಚು ಸೊನ್ನೆ, ನೀವೂ ಮಾಡಿ ನೋಡಿ.

ಇಷ್ಟು ಅಳತೆಯ ಹುಚ್ಚು ಯಾಕೆ ಅಂದರೆ, ಮೊದಲ ಸಲ ನಾನು ಅಳೆಯಲೇ ಇಲ್ಲ. ಫೋಟೋ ನೋಡಿ ಮನಸೋತು ಹನ್ನೊಂದು ಲೀಟರಿನ ಒಂದು ಕ್ಯಾಬಿನೆಟ್ ತಂದೆ. ಪ್ರೊಸೆಸರ್ ಬಾಕ್ಸಿನಲ್ಲಿ ಬಂದಿದ್ದ ಕೂಲರ್ ಸದ್ದು ಮಾಡುತ್ತದೆ ಅಂತ ಬೇರೆ ಕೂಲರ್ ತರಿಸಿದೆ. ಅದರ ಎತ್ತರ 66 ಮಿ.ಮೀ., ಕ್ಯಾಬಿನೆಟ್ಟಿನ ಮಿತಿ 61. ಐದು ಮಿ.ಮೀ. ತಾನೇ, ಒತ್ತಿದರೆ ಮುಚ್ಚುತ್ತೆ ಅಂದುಕೊಂಡೆ. ಮುಚ್ಚಲಿಲ್ಲ. ಪಕ್ಕದ ತಗಡು ತೆಗೆದೇ ಒಂದು ತಿಂಗಳು ಓಡಿಸಿದೆ. ಆಗ ಊರಿಂದ ಬಂದ ಅಮ್ಮ, ಧೂಳು ಕೂರುತ್ತಲ್ಲೋ ಅಂತ ಅದರ ಮೇಲೆ ಟವೆಲ್ ಹೊದಿಸಿದ್ದರು. ನಾನು ನೋಡುವ ಹೊತ್ತಿಗೆ ಪ್ರೊಸೆಸರ್ 95 ಡಿಗ್ರಿ ಮುಟ್ಟಿತ್ತು. 5600ಜಿಗೆ ಎಎಂಡಿ ಇಟ್ಟಿರುವ ಮಿತಿಯೇ ಅದು. ಅಲ್ಲಿಗೆ ಹೋದರೆ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ಹಾಳೇನೂ ಆಗಲಿಲ್ಲ. ಅಮ್ಮನ ತಪ್ಪೂ ಅಲ್ಲ.

ಹಾಗಾಗಿ ಕ್ಯಾಬಿನೆಟ್ಟಿನ ವಿವರದಲ್ಲಿ ಮೊದಲು ಕೂಲರ್ ಎತ್ತರ ನೋಡಿ. 5600ಜಿ ಜೊತೆಗೆ ಬರುವ ಕೂಲರ್ ಸುಮಾರು 54 ಮಿ.ಮೀ. ನೊಕ್ಟುವಾದ ಎನ್‌ಎಚ್-ಎಲ್9ಎ ಬರೀ 37, ಅತಿ ಸಣ್ಣ ಕ್ಯಾಬಿನೆಟ್ಟಿಗೆ ಅಂಥದೇ ಗತಿ. ಎನ್‌ಆರ್200ರಲ್ಲಿ 155ರ ತನಕ ಜಾಗವಿದೆ. ಅಂದರೆ 150ರ ಆಸುಪಾಸಿನ ಕಡಿಮೆ ಬೆಲೆಯ, ಎತ್ತರಕ್ಕೆ ನಿಲ್ಲುವ ಟವರ್ ಕೂಲರ್ ನಿರಾಳವಾಗಿ ಕೂರುತ್ತದೆ. ಸ್ನೇಹಿತರು ಹಳೆಯ ಹೈಪರ್ 212 ಇವೋ ಕೂಲರ್ ಕೊಡ್ತೀನಿ ಅಂದರೆ ಮಾತ್ರ ಬೇಡ ಅನ್ನಿ, ಅದು 159.

ಎರಡನೆಯದು ಎಸ್‌ಎಂಪಿಎಸ್. ಮಾಮೂಲಿ, ಅಂದರೆ ಎಟಿಎಕ್ಸ್ ಅಳತೆಯ ಎಸ್‌ಎಂಪಿಎಸ್ 150 ಮಿ.ಮೀ. ಅಗಲ, 86 ಎತ್ತರ. ಸಣ್ಣ ಕ್ಯಾಬಿನೆಟ್ಟುಗಳಿಗೆ ಹೆಚ್ಚಾಗಿ ಎಸ್‌ಎಫ್‌ಎಕ್ಸ್ ಅನ್ನುವ ಚಿಕ್ಕ ಅಳತೆಯದು ಬೇಕು: 125 ಅಗಲ, 63.5 ಎತ್ತರ, 100 ಉದ್ದ. ಅಷ್ಟೇ ವ್ಯಾಟಿಗೆ ಇದಕ್ಕೆ ಬೆಲೆ ಜಾಸ್ತಿ, ಅಂಗಡಿಯಲ್ಲಿ ಆಯ್ಕೆ ಕಡಿಮೆ. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗುವುದಾದರೂ ಮೊದಲು ಫೋನ್ ಮಾಡಿ ಇದೆಯಾ ಅಂತ ಕೇಳಿ. ಕ್ಯಾಬಿನೆಟ್ ಅಗ್ಗಕ್ಕೆ ಸಿಕ್ಕಿತು ಅಂತ ಖುಷಿಪಟ್ಟವರು ಇಲ್ಲಿ ದುಡ್ಡು ಸುರಿಯುತ್ತಾರೆ.

ಗ್ರಾಫಿಕ್ಸ್ ಕಾರ್ಡ್ ವಿಷಯದಲ್ಲಿ ಎಲ್ಲರೂ ಉದ್ದ ಮಾತ್ರ ಕೇಳುತ್ತಾರೆ. ಎರಡು ಫ್ಯಾನಿನ ಕಾರ್ಡುಗಳು ಹೆಚ್ಚಿನವು 200–250 ಮಿ.ಮೀ. ಒಳಗೇ ಇರುತ್ತವೆ, ಅದು ಸಮಸ್ಯೆಯಲ್ಲ. ದಪ್ಪ ನೋಡಿ. ಒಂದು ಸ್ಲಾಟ್ ಅಂದರೆ ಸುಮಾರು 20 ಮಿ.ಮೀ. ಎರಡು ಸ್ಲಾಟಿನ ಕ್ಯಾಬಿನೆಟ್ಟಿಗೆ ಎರಡೂವರೆ ಸ್ಲಾಟಿನ ಕಾರ್ಡ್ ಹೋಗುವುದಿಲ್ಲ. ಆಮೇಲೆ ಕಾರ್ಡಿನ ಅಂಚಿನಿಂದ ಏಳುವ ಪವರ್ ಕೇಬಲ್. ಅದು ಬಗ್ಗಲು ಮೂರು ಸೆಂಟಿಮೀಟರ್ ಆದರೂ ಬೇಕು, ಇಲ್ಲದಿದ್ದರೆ ತಗಡು ಅದನ್ನು ಅದುಮುತ್ತದೆ. ಹತ್ತು ಲೀಟರಿನವು ಹಲವು, ಕಾರ್ಡನ್ನು ಬೋರ್ಡಿನ ಬೆನ್ನಿಗೆ ಇಟ್ಟು, ರೈಸರ್ ಕೇಬಲ್ಲಿನಿಂದ ಜೋಡಿಸುತ್ತವೆ. ಚೆಂದವೇ. ಆದರೆ ಕೇಬಲ್ ಪಿಸಿಐಇ (ಕಾರ್ಡನ್ನು ಬೋರ್ಡಿಗೆ ಜೋಡಿಸುವ ದಾರಿ) ಜೆನ್ 3, ಅಂದರೆ ಮೂರನೇ ತಲೆಮಾರಿನದು ಇದ್ದು, ಕಾರ್ಡು, ಬೋರ್ಡು, ಪ್ರೊಸೆಸರ್ ಮೂರೂ ಜೆನ್ 4 ಇದ್ದರೆ ಕೆಲವೊಮ್ಮೆ ಪರದೆ ಕಪ್ಪಾಗೇ ಉಳಿಯುತ್ತದೆ. ಬಯೋಸಿನಲ್ಲಿ, ಅಂದರೆ ಬೋರ್ಡಿನ ಸೆಟ್ಟಿಂಗಿನಲ್ಲಿ, ಜೆನ್ 3 ಅಂತ ಕೈಯಾರೆ ಹಾಕಬೇಕು. ನಿಮ್ಮ 5600ಜಿ ಇರೋದೇ ಪಿಸಿಐಇ ಜೆನ್ 3, ಹಾಗಾಗಿ ನಿಮಗೆ ಈ ತಲೆನೋವು ಬರುವುದಿಲ್ಲ.

ಗಾಜಿನ ಬಾಗಿಲಿನದು ಬೇಡ. ರಂಧ್ರವಿರುವ ತಗಡು ಇರಲಿ, ಜೊತೆಗೆ ಧೂಳು ತಡೆಯುವ ಫಿಲ್ಟರ್ ಇದ್ದರೆ ಇನ್ನೂ ಒಳ್ಳೆಯದು.

ಬಜೆಟ್ ಬಿಗಿ ಅಂದಿದ್ದೀರಿ ಅಲ್ವಾ? ಹಾಗಾದರೆ ಇನ್ನೊಂದು ದಾರಿಯೂ ಇದೆ, ಪ್ರಾಮಾಣಿಕವಾಗಿ ನನಗೆ ಅದೇ ನಿಮಗೆ ಸರಿ ಅನ್ನಿಸುತ್ತದೆ. ಎನ್‌ಆರ್200 ಥರದ ಸಣ್ಣ ಕ್ಯಾಬಿನೆಟ್ಟಿಗೆ ಬೇಕಾದ ಮಿನಿ ಐಟಿಎಕ್ಸ್ ಬೋರ್ಡು 170 ಮಿ.ಮೀ. ಚೌಕ, ಎರಡೇ ರ‍್ಯಾಮ್ ಸ್ಲಾಟ್, ಬೆಲೆ ದುಬಾರಿ. ಮೈಕ್ರೋ ಎಟಿಎಕ್ಸ್ 244 ಚೌಕದ ತನಕ ಇರುತ್ತದೆ, ಅಗ್ಗ, ಎಲ್ಲಾ ಕಡೆ ಸಿಗುತ್ತದೆ. ಲಿಯಾನ್ ಲಿ ಮತ್ತು ಡ್ಯಾನ್ ಕಂಪನಿಗಳು ಸೇರಿ ಮಾಡಿರುವ ಎ3 ಕ್ಯಾಬಿನೆಟ್ ಅದಕ್ಕೇ ಇರುವುದು, 26.3 ಲೀಟರ್. ಏಸಸ್ ಎಪಿ201 ಕೂಡ ಇದೆ, 33 ಲೀಟರ್. ಎರಡಕ್ಕೂ ಮಾಮೂಲಿ ಎಟಿಎಕ್ಸ್ ಎಸ್‌ಎಂಪಿಎಸ್ ಹಾಕಬಹುದು. ನೀರಿನ ಕ್ಯಾನಿಗಿಂತ ಸ್ವಲ್ಪ ದೊಡ್ಡದಾಯಿತು ನಿಜ. ಬೋರ್ಡು, ಎಸ್‌ಎಂಪಿಎಸ್ ಎರಡರಲ್ಲೂ ಉಳಿಯುವ ದುಡ್ಡು ಮುಂದಿನ ವರ್ಷದ ಕಾರ್ಡಿಗೆ ಆಗುತ್ತದೆ. ರಟ್ಟಿನ ಡಬ್ಬ ಎ3 ಅಳತೆಗೂ ಒಂದು ಮಾಡಿ. ಟೇಬಲ್ ಒಪ್ಪಿದರೆ ಅದನ್ನೇ ತಗೊಳ್ಳಿ, ಒಪ್ಪದಿದ್ದರೆ ಎನ್‌ಆರ್200.

ಐಟಿಎಕ್ಸ್‌ಗೇ ಹೋದರೆ ಒಂದು ನೆನಪಿರಲಿ. ಹಲವು ಬೋರ್ಡುಗಳಲ್ಲಿ ಫೈಲುಗಳನ್ನು ಇಡುವ ಚಪ್ಪಟೆ ಎಸ್‌ಎಸ್‌ಡಿ ಕೂರುವ ಎರಡನೇ ಎಂ.2 ಸ್ಲಾಟ್ ಬೋರ್ಡಿನ ಹಿಂಬದಿ ಇರುತ್ತದೆ. ಎಸ್‌ಎಸ್‌ಡಿ ಅಲ್ಲಿ ಹಾಕುವುದಿದ್ದರೆ ಬೋರ್ಡು ಕೂರಿಸುವ ಮೊದಲೇ ಹಾಕಿ. ನಾನು ಎಲ್ಲಾ ಮುಗಿಸಿ, ಕೇಬಲ್ ಕಟ್ಟಿ, ಬಾಗಿಲು ಮುಚ್ಚಿ, ಟೀಪಾಯಿ ಕಡೆ ತಿರುಗಿದರೆ ಎಸ್‌ಎಸ್‌ಡಿ ಅಲ್ಲೇ ಪ್ಯಾಕೆಟ್ಟಿನಲ್ಲಿತ್ತು.