ತೆರಿಗೆ ಆದಾಯ ಕುಸಿದ ಸಣ್ಣ ನಗರ ಬಜೆಟ್ ಸರಿದೂಗಿಸುವುದು ಹೇಗೆ?

ನಿಮ್ಮ ನಗರಕ್ಕೆ ಅತಿ ಹೆಚ್ಚು ತೆರಿಗೆ ಕಟ್ಟುತ್ತಿದ್ದ ಕಾರ್ಖಾನೆ ಮುಚ್ಚಿದೆ. ಬೀದಿದೀಪ ಆರಿಸುವುದು, ಸಿಬ್ಬಂದಿ ಕಡಿಮೆ ಮಾಡುವುದು ಬಿಟ್ಟರೆ ಬೇರೆ ದಾರಿಯೇ ಇಲ್ಲವೇ, ಸಾಲ ತಂದು ಸರಿದೂಗಿಸಬಾರದೇ ಎಂದು ಕೇಳಿದ್ದೀರಿ. ದಾರಿಗಳಿವೆ, ಆದರೆ ನೋವಿಲ್ಲದ ದಾರಿ ಯಾವುದೂ ಇಲ್ಲ. ಸ್ಥಳೀಯ ಸಂಸ್ಥೆಗಳ ಲೆಕ್ಕಪತ್ರ ನೋಡುವ ಕೆಲಸದಲ್ಲಿ ಬಹಳ ವರ್ಷ ಕಳೆದವನು ನಾನು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಬಜೆಟ್ ಕಾಗದದ ಮೇಲೆ ಸರಿಹೋಗುವುದು ಬೇರೆ, ನಗರದ ಹಣಕಾಸು ಸರಿಹೋಗುವುದು ಬೇರೆ. ಇವೆರಡನ್ನೂ ಒಂದೇ ಎಂದುಕೊಂಡ ನಗರಗಳೇ ಹೆಚ್ಚು ಪೆಟ್ಟು ತಿಂದಿವೆ.

ಮೊದಲು ಕೇಳಬೇಕಾದದ್ದು, ಹೋದ ಆದಾಯ ಮತ್ತೆ ಬರುತ್ತದೆಯೇ ಎಂಬುದನ್ನು. ವ್ಯಾಪಾರ ಒಂದೆರಡು ವರ್ಷ ಮಂಕಾಗಿ ಮಾರಾಟ ತೆರಿಗೆ ಇಳಿದಿದ್ದರೆ ಮೀಸಲು ನಿಧಿ ಬಳಸಿ ದಾಟಬಹುದು. ಅದಕ್ಕೆಂದೇ, ಕನಿಷ್ಠ ಎರಡು ತಿಂಗಳ ಖರ್ಚಿಗಾಗುವಷ್ಟು ಹಣ ಸದಾ ಕೈಯಲ್ಲಿರಲಿ ಎಂದು ಅಮೆರಿಕದ ಸರ್ಕಾರಿ ಹಣಕಾಸು ಅಧಿಕಾರಿಗಳ ಸಂಘ ಶಿಫಾರಸು ಮಾಡುತ್ತದೆ. ಕಾರ್ಖಾನೆ ಮುಚ್ಚಿ, ಯಂತ್ರಗಳನ್ನೂ ಸಾಗಿಸಿಯಾಗಿದ್ದರೆ ಆ ಹಣ ಇನ್ನು ಬರುವುದಿಲ್ಲ. ಆಗಲೂ ಮೀಸಲು ನಿಧಿಯಿಂದಲೇ ಸಂಬಳ ಕೊಡುತ್ತಾ ಹೋದರೆ ನಿಧಿ ಖಾಲಿಯಾದ ದಿನ ಅದೇ ಸಮಸ್ಯೆ ದುಪ್ಪಟ್ಟಾಗಿ ಎದುರು ನಿಲ್ಲುತ್ತದೆ. ಶಾಶ್ವತ ನಷ್ಟಕ್ಕೆ ಮೀಸಲು ನಿಧಿ ಬಳಸಲೇಬಾರದು ಎಂದಲ್ಲ. ಕಾಯಂ ಕ್ರಮಗಳು ಜಾರಿಗೆ ಬರುವವರೆಗಿನ ಸಮಯವನ್ನು ಮಾತ್ರ ಅದರಿಂದ ಕೊಂಡುಕೊಳ್ಳಬಹುದು.

ಖರ್ಚು ಇಳಿಸುವುದು ಹೊರಗಿನಿಂದ ನೋಡುವವರಿಗೆ ಸುಲಭ ಅನ್ನಿಸುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಮನೆಗೆ ಸಲ್ಲುತ್ತದೆ, ನಗರಕ್ಕೆ ಕಾಲು ಮಡಿಸುವ ಸ್ವಾತಂತ್ರ್ಯ ಕಡಿಮೆ. ಸಂಬಳ, ಪಿಂಚಣಿ, ಹಳೆ ಸಾಲದ ಕಂತು, ನೀರೆತ್ತುವ ಪಂಪುಗಳ ವಿದ್ಯುತ್ ಬಿಲ್ಲು, ಇವೆಲ್ಲ ಮೊದಲೇ ಒಪ್ಪಿಕೊಂಡ ಬಾಧ್ಯತೆಗಳು. ಕ್ಯಾಲಿಫೋರ್ನಿಯಾದ ವಲ್ಲೇಹೊ ನಗರವನ್ನೇ ನೋಡಿ. ಅಲ್ಲಿನ ನೌಕಾ ಹಡಗುಕಟ್ಟೆ 1996ರಲ್ಲಿ ಮುಚ್ಚಿತು, ಆಮೇಲೆ ಮನೆಗಳ ಬೆಲೆಯೂ ಕುಸಿಯಿತು. 2008ರ ಮೇ ತಿಂಗಳಲ್ಲಿ ನಗರವೇ ದಿವಾಳಿ ಅರ್ಜಿ ಹಾಕಿತು. ಆ ಹೊತ್ತಿಗೆ ಸಾಮಾನ್ಯ ನಿಧಿಯ, ಅಂದರೆ ನಗರದ ದಿನನಿತ್ಯದ ಖರ್ಚು ನಡೆಯುವ ಹಣದ, ಸುಮಾರು ಮುಕ್ಕಾಲು ಪಾಲು ಪೊಲೀಸ್ ಮತ್ತು ಅಗ್ನಿಶಾಮಕ ಸಿಬ್ಬಂದಿಯ ಸಂಬಳ ಸವಲತ್ತಿಗೇ ಹೋಗುತ್ತಿತ್ತು. ಉಳಿದ ಕಾಲು ಭಾಗದಲ್ಲಿ ಎಷ್ಟು ಕತ್ತರಿಸಿದರೂ ಕೊರತೆ ತುಂಬುವಂತಿರಲಿಲ್ಲ.

ಹೀಗಾಗಿ ಕತ್ತರಿ ಪ್ರತಿ ಸಲ ಬೀಳುವುದು ಉದ್ಯಾನ, ಗ್ರಂಥಾಲಯ, ಬೀದಿದೀಪ, ರಸ್ತೆ ದುರಸ್ತಿಯ ಮೇಲೆ. ಬೀದಿದೀಪದ ಮಾತು ನೀವೇ ಎತ್ತಿದ್ದರಿಂದ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅದು ಸಣ್ಣ ನಗರವೇನಲ್ಲ, ಆದರೆ ಪಾಠ ಎಲ್ಲರಿಗೂ ಒಂದೇ. ಆರ್ಥಿಕ ಹಿಂಜರಿತದಿಂದ ಮಾರಾಟ ತೆರಿಗೆ ಇಳಿದಿತ್ತು. ಆಸ್ತಿ ತೆರಿಗೆ ಏರಿಸುವ ಪ್ರಸ್ತಾಪವನ್ನು ಮತದಾರರು 2009ರ ನವೆಂಬರಿನಲ್ಲಿ ತಿರಸ್ಕರಿಸಿದರು. 2010ರಲ್ಲಿ ನಗರಾಡಳಿತ ಸುಮಾರು ಮೂರನೇ ಒಂದು ಭಾಗದಷ್ಟು ಬೀದಿದೀಪಗಳನ್ನು ಆರಿಸಿತು, ಉದ್ಯಾನಗಳ ಕಸದ ಡಬ್ಬಿಗಳನ್ನೂ ತೆಗೆಸಿತು. ತಮ್ಮ ಬೀದಿಯ ದೀಪ ಉರಿಯಬೇಕೆಂದರೆ ನಿವಾಸಿಗಳೇ ದುಡ್ಡು ಕಟ್ಟಿ ಉರಿಸಿಕೊಳ್ಳಬಹುದಿತ್ತು. ದೀಪ ಆರಿಸಿದ್ದರಿಂದ ಸುಮಾರು ಹನ್ನೆರಡೂವರೆ ಲಕ್ಷ ಡಾಲರ್ ಉಳಿಯಿತು ಎಂಬ ಲೆಕ್ಕ ಬಂತು. ಆದರೆ ಕಂಬಗಳಿಗೆ ಹೋಗುವ ತಂತಿಯಲ್ಲಿ ವಿದ್ಯುತ್ ಇಲ್ಲವೆಂದಾದ ಮೇಲೆ ಕಳ್ಳರಿಗೆ ಶಾಕ್ ಹೊಡೆಯುವ ಭಯವೂ ಇಲ್ಲ. ತಾಮ್ರದ ತಂತಿಯನ್ನು ಎಳೆದುಕೊಂಡು ಹೋದರು, ಕೆಲವರು ವಿದ್ಯುತ್ ನೌಕರರ ವೇಷದಲ್ಲೇ ಬಂದು ಕಿತ್ತರು. ಅದನ್ನೆಲ್ಲ ಮತ್ತೆ ಸರಿಪಡಿಸುವ ಖರ್ಚು ಸುಮಾರು ಐವತ್ತು ಲಕ್ಷ ಡಾಲರ್ ಮುಟ್ಟಿತು ಎಂದು ಆಮೇಲೆ ವರದಿಯಾಯಿತು. ಉಳಿತಾಯ ಬಜೆಟ್ಟಿನ ಒಂದು ಸಾಲಿನಲ್ಲಿ ಕಂಡಿತು, ನಷ್ಟ ಇನ್ನೊಂದು ವರ್ಷದ ಇನ್ನೊಂದು ಸಾಲಿನಲ್ಲಿ.

ಅಮೆರಿಕದ ಮಿಷಿಗನ್ ರಾಜ್ಯದ ಫ್ಲಿಂಟ್‌ನಲ್ಲಿ ಆದದ್ದು ಇದಕ್ಕಿಂತ ಘೋರ. ಮೋಟಾರು ಕಾರ್ಖಾನೆಗಳ ಕೆಲಸ ಹೋಗಿ ಬಡವಾದ ಆ ನಗರದ ಹಣಕಾಸನ್ನು ರಾಜ್ಯ ನೇಮಿಸಿದ ತುರ್ತು ಆಡಳಿತಾಧಿಕಾರಿ ನೋಡಿಕೊಳ್ಳುತ್ತಿದ್ದರು. ಖರ್ಚು ಉಳಿಸಲೆಂದು 2014ರ ಏಪ್ರಿಲ್‌ನಲ್ಲಿ ನೀರಿನ ಮೂಲವನ್ನು ಸ್ಥಳೀಯ ನದಿಗೆ ಬದಲಾಯಿಸಿದರು. ಪೈಪು ತುಕ್ಕು ಹಿಡಿಯದಂತೆ ತಡೆಯುವ ರಾಸಾಯನಿಕ ಬೆರೆಸಲಿಲ್ಲ. ಹಳೆ ಪೈಪುಗಳ ಸೀಸ ಕುಡಿಯುವ ನೀರಿಗೆ ಸೇರಿತು, ಮಕ್ಕಳ ರಕ್ತಕ್ಕೂ ಸೇರಿತು. ಪರಿಹಾರದ ಒಪ್ಪಂದವೇ ಅರವತ್ತು ಕೋಟಿ ಡಾಲರ್ ದಾಟಿತು. ನೀರು, ಒಳಚರಂಡಿ, ಸೇತುವೆ ಇವುಗಳ ನಿರ್ವಹಣೆಯಲ್ಲಿ ಉಳಿತಾಯ ಮಾಡುತ್ತೇವೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಎದ್ದು ನಿಂತು ಪ್ರಶ್ನೆ ಕೇಳಿ. ಈ ಒಂದು ವಿಷಯದಲ್ಲಿ ನಾನು ರಾಜಿಗೆ ಸಿದ್ಧನಿಲ್ಲ.

ಇನ್ನು ಸಾಲದ ಮಾತು. ಮೂವತ್ತು ವರ್ಷ ಬಾಳುವ ನೀರಿನ ಟ್ಯಾಂಕ್ ಕಟ್ಟಲು ಸಾಲ ಮಾಡಿದರೆ ತಪ್ಪಿಲ್ಲ, ಅದನ್ನು ಬಳಸುವವರೇ ತೀರಿಸುತ್ತಾರೆ. ಈ ತಿಂಗಳ ಸಂಬಳಕ್ಕೆ ಸಾಲ ಮಾಡಿದರೆ ಮುಂದಿನ ತಿಂಗಳು ಸಂಬಳದ ಜೊತೆ ಬಡ್ಡಿಯನ್ನೂ ಹೊಂದಿಸಬೇಕು. ಜಪಾನಿನ ಯೂಬರಿ ಕಲ್ಲಿದ್ದಲು ನಗರವಾಗಿತ್ತು. 1960ರ ಸುಮಾರಿಗೆ ಒಂದು ಲಕ್ಷಕ್ಕಿಂತ ಹೆಚ್ಚು ಜನರಿದ್ದರು. ಕೊನೆಯ ಗಣಿ 1990ರಲ್ಲಿ ಮುಚ್ಚಿತು. ಪ್ರವಾಸಿಗರನ್ನು ಸೆಳೆಯಲು ನಗರ ಸಾಲ ತಂದು ವಿಹಾರ ತಾಣಗಳನ್ನು ಕಟ್ಟಿತು. ಕೊರತೆ ಕಾಣದಂತೆ ವರ್ಷಾಂತ್ಯದಲ್ಲಿ ಅಲ್ಪಾವಧಿ ಸಾಲವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ತಿರುಗಿಸಿ ಲೆಕ್ಕ ಸರಿ ತೋರಿಸಿತು. 2006ರಲ್ಲಿ ಅದು ಬಯಲಾದಾಗ ತೀರಿಸಬೇಕಿದ್ದದ್ದು ಸುಮಾರು 3,500 ಕೋಟಿ ಯೆನ್. ತೆರಿಗೆ, ಶುಲ್ಕ ಏರಿದವು, ಶಾಲೆಗಳು ಒಂದರೊಳಗೊಂದು ವಿಲೀನವಾದವು, ಯುವಕರು ಊರು ಬಿಟ್ಟರು. ಈಗ ಅಲ್ಲಿ ಹತ್ತು ಸಾವಿರ ಜನರೂ ಇಲ್ಲ.

ಆಸ್ತಿ ಮಾರಿ ಅಥವಾ ಗುತ್ತಿಗೆಗೆ ಕೊಟ್ಟು ಒಂದು ಸಲಕ್ಕೆ ಬರುವ ಹಣವೂ ಇದೇ ಜಾತಿಯದು. ಷಿಕಾಗೊ 2008ರಲ್ಲಿ ತನ್ನ ಪಾರ್ಕಿಂಗ್ ಮೀಟರುಗಳನ್ನು 75 ವರ್ಷಕ್ಕೆ 115 ಕೋಟಿ ಡಾಲರಿಗೆ ಗುತ್ತಿಗೆ ಕೊಟ್ಟಿತು. ಇನ್ನೂ ಸುಮಾರು 97 ಕೋಟಿ ಸಿಗಬೇಕಿತ್ತು ಎಂದು ಮರುವರ್ಷ ನಗರದ ತಪಾಸಣಾಧಿಕಾರಿಯೇ ವರದಿ ಕೊಟ್ಟರು.

ಹಾಗಾದರೆ ಏನು ಮಾಡಬೇಕು? ಬಾಕಿ ವಸೂಲಿಯಿಂದ ಶುರುಮಾಡಿ. ಸಣ್ಣವರ ಬಾಕಿಯ ಬೆನ್ನು ಹತ್ತುವ ಮೊದಲು ದೊಡ್ಡ ಬಾಕಿದಾರರ ಪಟ್ಟಿ ತೆಗೆಯಬೇಕು. ಆಸ್ತಿ ವಹಿ ಪರಿಷ್ಕರಿಸಿದರೆ ಲೆಕ್ಕಕ್ಕೇ ಬಾರದ ಕಟ್ಟಡಗಳು, ಮನೆಯೆಂದು ದಾಖಲಾದ ವಾಣಿಜ್ಯ ಮಳಿಗೆಗಳು ಸಿಗುತ್ತವೆ. ದರ ಏರಿಸದೆ ಆದಾಯ ಹೆಚ್ಚುವ ದಾರಿ ಇದು, ಆದರೆ ಕಚೇರಿಯಲ್ಲಿ ಯಾರಿಗೂ ಉತ್ಸಾಹ ಇರುವುದಿಲ್ಲ, ಯಾಕೆಂದರೆ ಬೀದಿ ಬೀದಿ ಸುತ್ತಬೇಕು. ನಿವೃತ್ತರಾದವರ ಜಾಗಗಳಲ್ಲಿ ಯಾವುದನ್ನು ತುಂಬಬೇಕು, ಯಾವುದನ್ನು ಬಿಡಬೇಕು ಎಂದು ಒಂದೊಂದಾಗಿ ನಿರ್ಧರಿಸಬೇಕು. ಎಲ್ಲ ಇಲಾಖೆಗೂ ಶೇ. 10 ಕಡಿತ ಎಂಬ ಆದೇಶ ನ್ಯಾಯವಾಗಿ ಕಾಣುತ್ತದೆ, ಆದರೆ ಮೊದಲೇ ಬಡಕಲಾಗಿದ್ದ ಇಲಾಖೆ ಅದರಿಂದ ನೆಲ ಕಚ್ಚುತ್ತದೆ. ಪಕ್ಕದ ನಗರಗಳ ಜೊತೆ ಕಸ ವಿಲೇವಾರಿ, ಯಂತ್ರೋಪಕರಣ, ಪ್ರಯೋಗಾಲಯ ಹಂಚಿಕೊಳ್ಳುವುದೂ ಆಗುತ್ತದೆ, ನಿಧಾನವಾಗಿ.

ಇಷ್ಟಾದರೂ ಸಾಲದಿದ್ದರೆ ತೆರಿಗೆ ಏರಿಸಬೇಕಾಗುತ್ತದೆ, ಜನರನ್ನು ಮುಚ್ಚುಮರೆಯಿಲ್ಲದೆ ಕೇಳಬೇಕಾಗುತ್ತದೆ. ವಲ್ಲೇಹೊ 2011ರಲ್ಲಿ ಮತದಾರರ ಮುಂದೆ ಶೇ. 1ರ ಹೆಚ್ಚುವರಿ ಮಾರಾಟ ತೆರಿಗೆ ಇಟ್ಟಿತು. ಕಡಿಮೆ ಅಂತರದಲ್ಲಾದರೂ ಅದು ಗೆದ್ದಿತು. ಮರುವರ್ಷ ಆ ಹಣದ ಒಂದು ಭಾಗವನ್ನು ಯಾವ ಕೆಲಸಕ್ಕೆ ಹಾಕಬೇಕೆಂದು ನಿವಾಸಿಗಳೇ ತೀರ್ಮಾನಿಸುವ ಪದ್ಧತಿ ತಂದರು. ತನ್ನ ಹಣ ಎಲ್ಲಿಗೆ ಹೋಗುತ್ತದೆ ಎಂದು ಕಣ್ಣಾರೆ ಕಾಣುವವನು ತೆರಿಗೆಗೆ ಒಪ್ಪುವ ಸಾಧ್ಯತೆ ಹೆಚ್ಚು ಎಂಬುದು ನನ್ನ ದೃಢ ನಂಬಿಕೆ.

ನಿಮ್ಮ ನಗರದ ಬಜೆಟ್ ಸಭೆಗೆ ಹೋದಾಗ ಒಟ್ಟು ಮೊತ್ತ ನೋಡಿ ಸುಮ್ಮನಾಗಬೇಡಿ. ಮುಂದಿನ ಮೂರು ವರ್ಷದ ಆದಾಯದ ಅಂದಾಜು ಕೇಳಿ, ಕಾರ್ಖಾನೆಯ ತೆರಿಗೆಯನ್ನು ಅದರಲ್ಲಿ ಇನ್ನೂ ಸೇರಿಸಿದ್ದಾರೆಯೇ ನೋಡಿ. ಗುತ್ತಿಗೆದಾರರಿಗೆ ಕೊಡದೆ ಉಳಿಸಿಕೊಂಡ ಬಿಲ್ಲುಗಳೆಷ್ಟು, ಪಿಂಚಣಿ ನಿಧಿಗೆ ಈ ವರ್ಷದ ಕಂತು ಕಟ್ಟಿದ್ದಾರೆಯೇ, ಮುಂದೂಡಿದ ದುರಸ್ತಿಗಳು ಯಾವುವು ಎಂದು ಲಿಖಿತವಾಗಿ ಕೇಳಿ. ಆಯವ್ಯಯ ಸರಿಯಾಗಿದೆ ಎಂದು ತೋರಿಸಿದ ಅನೇಕ ಲೆಕ್ಕಗಳಲ್ಲಿ ನಿಜವಾದ ಕೊರತೆ ನನಗೆ ಸಿಕ್ಕಿರುವುದು ಈ ಮೂರು ಉತ್ತರಗಳಲ್ಲೇ.