ಕ್ರೂಸ್‌ನಲ್ಲಿ ಊರೂರಿಗೆ ಇಳೀವಾಗ ಪಾಸ್‌ಪೋರ್ಟ್ ಜೊತೇಲಿರ್ಬೇಕಾ, ಹಡಗಲ್ಲೇ ಬಿಡ್ಬೇಕಾ?

ನಿಮ್ಮ ಪ್ರಶ್ನೆ ಇಷ್ಟು: ಮಂಡ್ಯದಲ್ಲಿರೋ ಅಪ್ಪ ಅಮ್ಮ ಸಿಂಗಾಪುರದಲ್ಲಿ ಕ್ರೂಸ್ ಹತ್ತಿ ಮಲೇಷಿಯಾದ ಪೆನಾಂಗು, ಥಾಯ್ಲೆಂಡಿನ ಫುಕೆಟ್ಟು ನೋಡ್ಕೊಂಡು ವಾಪಸ್ ಸಿಂಗಾಪುರಕ್ಕೇ ಬರ್ತಾರೆ, ನಡುವೆ ಇಳಿದಾಗ ಪಾಸ್‌ಪೋರ್ಟ್ ಒಯ್ಯಬೇಕಾ ರೂಮಲ್ಲಿಡಬೇಕಾ, ಹಡಗಿನವರು ಕೇಳಿದ್ರೆ ಕೊಟ್ಬಿಡೋದಾ ಅಂತ. ನಾನು ಮೈಸೂರಲ್ಲಿ ಟೂರ್ ಗುಂಪುಗಳ ವೀಸಾ ಕಾಗದ ಪತ್ರ ನೋಡ್ಕೊಳ್ಳೋ ಕೆಲ್ಸ ಮಾಡ್ತೀನಿ, ಆಗಾಗ ಗುಂಪಿನ ಜೊತೆ ಹಡಗಲ್ಲೂ ಹೋಗ್ತಿರ್ತೀನಿ.

ಹಿಂದಿನ ರಾತ್ರಿ ಹಡಗಿನವರು ಏನ್ ಹೇಳ್ತಾರೋ ಅದನ್ನ ಕೇಳಿ, ಅಷ್ಟೇ. ನಾಳೆ ಯಾವ ಊರು, ಎಷ್ಟೊತ್ತಿಗೆ ವಾಪಸ್ ಬರ್ಬೇಕು, ಇಳೀವಾಗ ಕೈಯಲ್ಲಿ ಏನೇನಿರ್ಬೇಕು ಅನ್ನೋದೆಲ್ಲ ಅವರ ಆ್ಯಪಲ್ಲಿ, ಇಲ್ಲಾಂದ್ರೆ ರೂಮಿಗೆ ಬರೋ ಚೀಟಿಯಲ್ಲಿ ಇರತ್ತೆ. ಅದ್ರಲ್ಲಿ ಪಾಸ್‌ಪೋರ್ಟ್ ತಗೊಂಡೇ ಇಳೀರಿ ಅಂತಿದ್ರೆ ತಗೊಂಡೇ ಇಳೀಬೇಕು, ಹಾಗೇನೂ ಇಲ್ಲಾಂದ್ರೆ ಒರಿಜಿನಲ್ ರೂಮಿನ ಲಾಕರಲ್ಲಿ, ಜೇಬಲ್ಲಿ ಹಡಗಿನವರು ಹತ್ತೋವಾಗ ಕೊಡೋ ಕಾರ್ಡು, ಒಂದು ಕಲರ್ ಜೆರಾಕ್ಸು, ಫೋಟೋ ಇರೋ ಇನ್ನೊಂದು ಐಡಿ. ಯಾವಾಗ್ಲೂ ಒರಿಜಿನಲ್ ಮೈಮೇಲೇ ಇರ್ಬೇಕು ಅನ್ನೋರು ತುಂಬಾ ಜನ ಇದಾರೆ, ವಯಸ್ಸಾದವರ ವಿಷಯದಲ್ಲಿ ನಾನಂತೂ ಒಪ್ಪಲ್ಲ. ಬಿಸಿಲು, ಸಂತೆ, ಬೀಚು, ಬ್ಯಾಗು ಅಲ್ಲಿ ಬಿಟ್ಟು ಇಲ್ಲಿ ಬಿಟ್ಟು ಫೋಟೋ ತೆಗೆಸ್ಕೊಳ್ಳೋದು, ಮತ್ತೆ ಫುಕೆಟ್‌ನಲ್ಲಿ ಸುಮಾರು ಸಲ ಹಡಗು ಸಮುದ್ರದಲ್ಲೇ ಲಂಗರು ಹಾಕಿ ಚಿಕ್ಕ ಬೋಟಲ್ಲಿ ದಡಕ್ಕೆ ಬಿಡ್ತಾರೆ, ಆ ಬೋಟಿಂದ ಇಳಿಯೋವಾಗ ನೀರು ಎರಚತ್ತೆ, ನೆನೆದು ಹಾಳೆ ಊದ್ಕೊಂಡಿರೋ ಪಾಸ್‌ಪೋರ್ಟ್ ನೋಡಿದ್ರೆ ಇಮಿಗ್ರೇಷನ್‌ನವ್ರು ಸುಮ್ನೆ ಬಿಡಲ್ಲ.

ಪಾಸ್‌ಪೋರ್ಟ್ ಇಲ್ದೇ ಬೇರೆ ದೇಶದಲ್ಲಿ ಹೆಂಗೆ ಓಡಾಡೋದು ಅಂತ ಅಮ್ಮಂಗೆ ಭಯ ಇರತ್ತೆ. ಹಡಗು ಬರೋಕೆ ಮುಂಚೇನೇ ಎಲ್ಲ ಪ್ರಯಾಣಿಕರ ಪಾಸ್‌ಪೋರ್ಟ್ ವಿವರದ ಪಟ್ಟಿ ಆ ಬಂದರಿನ ಇಮಿಗ್ರೇಷನ್‌ಗೆ ಹೋಗಿರತ್ತೆ, ಎಷ್ಟೋ ಕಡೆ ಇಡೀ ಹಡಗಿಗೇ ಒಟ್ಟಿಗೆ ಕ್ಲಿಯರೆನ್ಸ್ ಕೊಡ್ತಾರೆ. ಇಳಿಯೋ ಬಾಗಿಲಲ್ಲಿ ಕಾರ್ಡ್ ಇಟ್ರೆ ಟಿಣ್ ಅನ್ನತ್ತೆ, ಸೆಕ್ಯೂರಿಟಿಯವನ ಸ್ಕ್ರೀನಲ್ಲಿ ಹತ್ತೋವಾಗ ತೆಗೆದ ಮುಖ ಬರತ್ತೆ, ನಿಮ್ಮಪ್ಪ ಇಳಿದ್ರಾ ಹತ್ತಿದ್ರಾ ಅನ್ನೋ ಲೆಕ್ಕ ಅವರ ಹತ್ರ ಇರತ್ತೆ. ಹಾಗಾಗಿ ಊರೊಳಗೆ ಕಳ್ಕೊಳ್ಳಬಾರದ ವಸ್ತು ಅಂದ್ರೆ ಆ ಕಾರ್ಡು. ಅದಕ್ಕೊಂದು ದಾರ ಹಾಕಿ ಕೊರಳಿಗೆ ತಗಲಾಕಿಬಿಡಿ, ಆದ್ರೆ ರೂಮ್ ನಂಬರ್ ಮಾತ್ರ ಅದರ ಮೇಲೆ ಬರೀಬೇಡಿ.

ಇನ್ನು ಹಡಗಿನವರೇ ಪಾಸ್‌ಪೋರ್ಟ್ ಇಸ್ಕೊಳ್ಳೋದು. ಎಲ್ಲ ಹಡಗಲ್ಲೂ ಇಸ್ಕೊಳ್ಳಲ್ಲ, ಕೆಲವು ರೂಟಲ್ಲಿ ಮಾತ್ರ. ಬಂದರಿನ ಅಧಿಕಾರಿಗಳು ಹಡಗಿಗೇ ಬಂದು ರಾಶಿ ಹಾಕ್ಕೊಂಡು ನೋಡಿ ಸೀಲ್ ಹಾಕೋದಿದ್ರೆ ಒಂದೇ ಕಡೆ ಇರ್ಬೇಕಲ್ಲ, ಅದಕ್ಕೆ. ನಮ್ಮ ಗುಂಪಲ್ಲಿ ಮಂಡ್ಯ ಕಡೆಯ ಒಬ್ರು ಯಜಮಾನ್ರು ಕೌಂಟರ್ ಮುಂದೆ ನಿಂತು "ಅದೆಂಗ್ ಕೊಡಾದು ಕಣಪ್ಪ, ಇವ್ನು ಕಳ್ದಾಕುದ್ರೆ ನಾನ್ ಊರ್ಗೆ ಎಂಗ್ ಓಗ್ಲಿ" ಅಂತ ಪಾಸ್‌ಪೋರ್ಟ್ ಬನಿಯನ್ ಜೇಬಿಗೆ ತುರುಕ್ಕೊಂಡು ಬಿಟ್ರು, ಹಿಂದೆ ಕ್ಯೂ ಬೆಳೀತಾ ಇದೆ, ಆ ಹುಡುಗಿ ನಗ್ತಾನೇ ರಸೀದಿ ತೋರಿಸ್ತಾಳೆ, ಇವ್ರು ಅದನ್ನ ತಿರುಗಿಸಿ ತಿರುಗಿಸಿ ನೋಡ್ತಾರೆ. ಅವ್ರ ಅನುಮಾನ ತಪ್ಪೇನಲ್ಲ ಬಿಡಿ, ಪಾಸ್‌ಪೋರ್ಟ್ ಯಾರ ಕೈಗೂ ಕೊಡಬೇಡಿ ಅಂತ ನಾವೇ ಮನೆಯಿಂದ ಹೇಳಿ ಕಳಿಸಿರ್ತೀವಿ. ಚಾಮುಂಡಿ ಬೆಟ್ಟದಲ್ಲಿ ಚಪ್ಪಲಿ ಬಿಟ್ಟು ಟೋಕನ್ ಇಸ್ಕೊಂಡಂಗೆ ರಸೀದಿ ಇಸ್ಕೊಂಡು ಕೊಡಿ, ಕೊಡೋಕೆ ಮುಂಚೆ ಫೋಟೋ ಇರೋ ಪುಟ, ವಿಳಾಸ ಇರೋ ಕೊನೇ ಪುಟ, ಸಿಂಗಾಪುರ ವೀಸಾ ಪ್ರಿಂಟು ಮೂರರ ಫೋಟೋನೂ ಅಮ್ಮನ ಮೊಬೈಲಲ್ಲಿ, ನಿಮ್ಮ ವಾಟ್ಸಾಪಲ್ಲಿ ಎರಡೂ ಕಡೆ ಇರ್ಲಿ. ಕೌಂಟರಿನವರಿಗೆ ಮಾತ್ರ ಕೊಡೋದು. ದಡದಲ್ಲಿ ಟ್ಯಾಕ್ಸಿಯವನು, ಸ್ಕೂಟರ್ ಬಾಡಿಗೆ ಕೊಡೋನು ಅಡ ಇಡಿ ಅಂದ್ರೆ ಖಂಡಿತ ಬೇಡ, ಪಾಸ್‌ಪೋರ್ಟ್ ಕಾಯ್ದೆ 1967ರ ಪ್ರಕಾರ ಅದು ಭಾರತ ಸರ್ಕಾರದ ಆಸ್ತಿ, ಅಡ ಇಡೋಕೆ ನಮ್ಮದಲ್ಲ.

ಹಡಗು ತಪ್ಪಿಸ್ಕೊಂಡ್ರೆ ಏನ್ ಗತಿ ಅಂತಾನೂ ಎಲ್ರೂ ಕೇಳ್ತಾರೆ. ಹೊರಡೋ ಹೊತ್ತಿಗೆ ಯಾರಾದ್ರೂ ಬಂದಿಲ್ಲ ಅಂದ್ರೆ ಸಾಮಾನ್ಯವಾಗಿ ಸಿಬ್ಬಂದಿ ರೂಮಿನ ಲಾಕರ್ ತೆಗೆದು ಪಾಸ್‌ಪೋರ್ಟ್ ತಗೊಂಡು ಆ ಬಂದರಲ್ಲಿ ಹಡಗಿನವರ ಪರವಾಗಿ ಕೆಲ್ಸ ನೋಡ್ಕೊಳ್ಳೋ ಏಜೆಂಟ್ ಕೈಗೆ ಕೊಟ್ಟು ಹೋಗ್ತಾರೆ, ಅದಕ್ಕೇ ಸೂಟ್‌ಕೇಸಿನ ಸೀರೆ ಮಡಿಕೆಯಲ್ಲಿ ಬಚ್ಚಿಡಬೇಡಿ, ಲಾಕರಲ್ಲೇ ಇಡಿ ಅನ್ನೋದು. ಏಜೆಂಟ್ ಫೋನ್ ನಂಬರ್ ಆ ದಿನದ ಚೀಟಿಯಲ್ಲಿರತ್ತೆ, ಇಳಿಯೋಕೆ ಮುಂಚೆ ಮೊಬೈಲಲ್ಲಿ ಅದರ ಫೋಟೋ ತೆಗೆಸಿ. ಇನ್ನೊಂದು, ಥಾಯ್ಲೆಂಡ್ ಟೈಮು ಸಿಂಗಾಪುರಕ್ಕಿಂತ ಒಂದು ಗಂಟೆ ಹಿಂದೆ. ಹಡಗು ಸಿಂಗಾಪುರ ಟೈಮಲ್ಲೇ ಓಡ್ತಾ ಇದ್ದು ಸಂಜೆ 5ಕ್ಕೆ ಎಲ್ರೂ ಹತ್ತಿರ್ಬೇಕು ಅಂದಿದ್ರೆ, ದಡದಲ್ಲಿ ಮೊಬೈಲು ತಾನಾಗೇ ಬದಲಾಗಿ ಇನ್ನೂ 4 ಗಂಟೆ ಅಂತ ತೋರಿಸ್ತಿರತ್ತೆ, ಇವ್ರು ಎಳನೀರು ಕುಡೀತಾ ಆರಾಮಾಗಿ ಕೂತಿರ್ತಾರೆ. ಅಪ್ಪನ ಕೈಗೆ ಮಾಮೂಲಿ ವಾಚ್ ಕಟ್ಟಿಸಿ, ಅದು ಹಡಗಿನ ಟೈಮಲ್ಲೇ ಇರ್ಲಿ.

ನೀವು ಕೇಳದೇ ಇರೋ ವಿಷಯ ಒಂದಿದೆ, ನನ್ನ ಪ್ರಕಾರ ಜೇಬಾ ಲಾಕರಾ ಅನ್ನೋದಕ್ಕಿಂತ ಅದೇ ಮುಖ್ಯ. ಹಡಗು ಹತ್ತಿ ಹೊರಟ್ರೆ ಸಿಂಗಾಪುರ ಬಿಟ್ಟು ಹೊರಗೆ ಹೋದಂಗೆ ಲೆಕ್ಕ, ವಾಪಸ್ ಬಂದಾಗ ಅದು ಎರಡನೇ ಪ್ರವೇಶ. ನಮ್ಮವರಿಗೆ ಸಿಂಗಾಪುರಕ್ಕೆ ವೀಸಾ ಬೇಕೇ ಬೇಕು, ಅದು ಒಂದೇ ಸಲದ್ದಾಗಿದ್ರೆ ಚೆಕ್ಕಿನ್ ಕೌಂಟರಲ್ಲೇ ಹತ್ತಿಸ್ಕೊಳ್ಳಲ್ಲ. ವೀಸಾ ಪ್ರಿಂಟಲ್ಲಿ ಮಲ್ಟಿಪಲ್ ಅಂತ ಇದ್ಯಾ, ವಾಪಸ್ ಬರೋ ದಿನಕ್ಕೂ ಅವಧಿ ಇದ್ಯಾ ಅಂತ ಈಗ್ಲೇ ನೋಡಿ. ಯುರೋಪ್ ಕ್ರೂಸಲ್ಲೂ ಇದೇ ಕಥೆ, ನಡುವೆ ಟರ್ಕಿಗೋ ಟ್ಯುನೀಷಿಯಾಗೋ ಹೋಗಿ ಬರೋ ಹಡಗಾದ್ರೆ ಒಂದೇ ಪ್ರವೇಶದ ಶೆಂಗೆನ್ ವೀಸಾ (ಯುರೋಪಿನ ಎಷ್ಟೋ ದೇಶಗಳಿಗೆ ಒಟ್ಟಿಗೆ ನಡೆಯೋ ವೀಸಾ) ಅಲ್ಲಿಗೇ ಮುಗೀತು. ಮಲೇಷಿಯಾ 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ 30 ದಿನದವರೆಗೆ ವೀಸಾ ಇಲ್ದೇ ಬಿಡ್ತಾ ಇದೆ, 2026ರ ಕೊನೇವರೆಗೂ ಮುಂದುವರಿಸಿದಾರೆ. ಥಾಯ್ಲೆಂಡ್ ನಿಯಮ ಬದಲಾಗ್ತಾನೇ ಇರತ್ತೆ, ಹೊರಡೋ ವಾರ ಕ್ರೂಸಿನವರನ್ನೇ ಕೇಳಿ. ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಇರ್ಬೇಕು ಅನ್ನೋದು ನಿಮಗೆ ಗೊತ್ತೇ ಇರತ್ತೆ.

ನಮ್ ಕಡೆಯವರ ಇನ್ನೊಂದು ತಾಪತ್ರಯ ಹೆಸರು. ಸರ್‌ನೇಮ್ ಜಾಗ ಖಾಲಿ, ಬರೀ ಸಿದ್ದೇಗೌಡ ಅಂತಷ್ಟೇ ಇರೋ ಪಾಸ್‌ಪೋರ್ಟ್ ಎಷ್ಟೋ ಬರ್ತಾವೆ. ಸಿಂಗಾಪುರಕ್ಕೆ ಹೋಗೋವಾಗ ಟಿಕೆಟ್ಟು, ವೀಸಾ, ಕ್ರೂಸ್ ಬುಕಿಂಗ್ ಮೂರರಲ್ಲೂ ಹೆಸರು ಒಂದೇ ಥರ ಇದ್ರೆ ಸರಿ, ಆದ್ರೆ ಮುಂದೆ ದುಬೈ ಕ್ರೂಸ್ ಯೋಚನೆ ಇದ್ರೆ ಯುಎಇಯವ್ರು 2022ರ ನವೆಂಬರಿಂದ ಒಂಟಿ ಹೆಸರಿನವರಿಗೆ ವಿಸಿಟ್ ವೀಸಾದಲ್ಲಿ ತಕರಾರು ಮಾಡ್ತಾರೆ. ಹೆಸರು ಸರಿ ಮಾಡಿಸೋದಾದ್ರೆ ಬೆಂಗಳೂರಿಗೇ ಓಡಬೇಕಾಗಿಲ್ಲ, ಪೋಸ್ಟ್ ಆಫೀಸಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಅನ್ನೋ ಯೋಜನೆ 2017ರ ಜನವರಿಯಲ್ಲಿ ಶುರುವಾಗಿದ್ದೇ ನಮ್ಮ ಮೈಸೂರಲ್ಲಿ, ಮೊದ್ಲು ಇಲ್ಲೇ ಅಪಾಯಿಂಟ್‌ಮೆಂಟ್ ಸಿಗತ್ತಾ ನೋಡಿ.

ಅಕಸ್ಮಾತ್ ಕಳೆದೇ ಹೋದ್ರೆ ಮೊದ್ಲು ಲೋಕಲ್ ಪೊಲೀಸ್ ರಿಪೋರ್ಟು, ಜೊತೆಗೇ ಬಂದರಿನ ಏಜೆಂಟಿಗೆ ಫೋನು, ಆಮೇಲೆ ನಮ್ಮ ರಾಯಭಾರ ಕಚೇರಿ. ಪೆನಾಂಗ್‌ನಲ್ಲಾದ್ರೆ ಕೌಲಾಲಂಪುರದ ಹೈಕಮಿಷನ್, ಫುಕೆಟ್‌ನಲ್ಲಾದ್ರೆ ಬ್ಯಾಂಕಾಕ್ ಎಂಬಸಿ, ಎರಡೂ ಆ ಊರಿಂದ ದೂರ. ಅಲ್ಲಿ ಕೊಡೋ ಎಮರ್ಜೆನ್ಸಿ ಸರ್ಟಿಫಿಕೇಟ್ ಭಾರತಕ್ಕೆ ವಾಪಸ್ ಬರೋಕೆ ಮಾತ್ರ, ಅದನ್ನಿಟ್ಕೊಂಡು ಕ್ರೂಸ್ ಮುಂದುವರಿಸ್ತೀನಿ ಅಂದ್ರೆ ಆಗಲ್ಲ.

ಕೊನೇ ರಾತ್ರಿ ಸೂಟ್‌ಕೇಸ್‌ಗಳನ್ನ ಬಾಗಿಲಾಚೆ ಇಡಿ ಅಂತಾರೆ, ಅವರೇ ಕೆಳಗೆ ಸಾಗಿಸ್ತಾರೆ. ಆ ಗಡಿಬಿಡೀಲಿ ಪಾಸ್‌ಪೋರ್ಟ್ ಸೂಟ್‌ಕೇಸಿಗೆ ಹಾಕೋರೂ ಇದಾರೆ, ಲಾಕರಲ್ಲೇ ಬಿಟ್ಟು ಇಳಿಯೋರೂ ಇದಾರೆ, ಅಮ್ಮನ ಕೈಚೀಲಕ್ಕೆ ಮೊದ್ಲೇ ಸೇರಿಸಿಬಿಡಿ ಅಂತ ಹೇಳಿ. ಸಿಂಗಾಪುರದ ಎಸ್‌ಜಿ ಅರೈವಲ್ ಕಾರ್ಡು, ಅಂದ್ರೆ ಆ ದೇಶಕ್ಕೆ ಬರೋಕೆ ಮುಂಚೆ ಆನ್‌ಲೈನಲ್ಲಿ ತುಂಬೋ ಫಾರ್ಮು, ವಿಮಾನದಲ್ಲಿ ಹೋಗೋವಾಗ ತುಂಬಿದ್ದು ಹಡಗಲ್ಲಿ ವಾಪಸ್ ಬರೋವಾಗ ನಡೆಯಲ್ಲ, ಇನ್ನೊಂದ್ಸಲ ತುಂಬ್ಬೇಕು, ಬರೋ ದಿನಕ್ಕೆ ಮೂರು ದಿನದ ಒಳಗೆ. ಅದಕ್ಕೆ ದುಡ್ಡಿಲ್ಲ, ದುಡ್ಡು ಕೇಳೋ ವೆಬ್‌ಸೈಟ್ ಬಂದ್ರೆ ಮುಚ್ಚಿಬಿಡಿ. ಹಡಗಿನ ವೈಫೈ ದುಬಾರಿ, ಹಂಗಾಗಿ ಫುಕೆಟ್‌ನಲ್ಲಿ ಇಳಿದಾಗ ಯಾವುದಾದ್ರೂ ಹೋಟ್ಲಲ್ಲಿ ಕಾಫಿ ಕುಡಿಯೋವಾಗ್ಲೇ ತುಂಬಿಸಿ, ಇಲ್ಲಾಂದ್ರೆ ಡೀಟೇಲ್ಸ್ ನಿಮ್ಮ ಹತ್ರಾನೇ ಇದ್ಯಲ್ಲ, ನೀವೇ ಮನೇಲಿ ಕೂತು ತುಂಬಿ ಅವರಿಗೆ ಕಳಿಸಿ.