ಜಾನಪದ ಇಟ್ಟರೆ ಹುಡುಗರು ಕೂರಲ್ಲ ಅನ್ನೋದನ್ನ ನಾನು ಒಪ್ಪಲ್ಲ

ನಿಮ್ಮ ವಿಭಾಗದ ಉತ್ಸವಕ್ಕೆ 80 ಸಾವಿರ ರೂಪಾಯಿ ಇದೆ, ಜಾನಪದ ಇಟ್ಟರೆ ಹುಡುಗರು ಎದ್ದು ಹೋಗ್ತಾರೆ, ಅದಕ್ಕೆ ಸಿನಿಮಾ ನಟರನ್ನ ಕರೆಯೋದಾ ಇಲ್ಲ ಡಿಜೆ ಇಡೋದಾ ಅಂತ ಕೇಳಿದ್ದೀರಿ. ಹುಡುಗರು ಎದ್ದು ಹೋಗಿದ್ದನ್ನ ನಾನು ಕಣ್ಣಾರೆ ನೋಡಿದ್ದೀನಿ. ಯಾಕೆ ಹೋದರು ಅನ್ನೋದು ಮಾತ್ರ ಬೇರೆ ಕಥೆ.

2014. ಉತ್ತರ ಕರ್ನಾಟಕದ ಒಂದು ವಿಶ್ವವಿದ್ಯಾಲಯದಲ್ಲಿ ಎಂ.ಎ. ಮೊದಲ ವರ್ಷ. ವಿಭಾಗದ ಸಾಂಸ್ಕೃತಿಕ ಕಾರ್ಯದರ್ಶಿ ನಾನೇ. ತೊಗಲು ಗೊಂಬೆಯಾಟ ಆಡಿಸಬೇಕು ಅಂತ ಹಟ ಹಿಡಿದೆ. ನಮ್ಮೂರಲ್ಲಿ ಮಳೆ ಕೈಕೊಟ್ಟ ವರ್ಷ ಈ ಆಟ ಆಡಿಸಿದರೆ ಮಳೆ ಬರುತ್ತೆ ಅನ್ನೋ ನಂಬಿಕೆ ಇತ್ತು, ಅಜ್ಜಿ ಅದನ್ನ ಎಷ್ಟೋ ಸಲ ಹೇಳಿದ್ದಳು. ನಾನು ನೋಡಿರಲಿಲ್ಲ. ಪಕ್ಕದ ತಾಲ್ಲೂಕಿನ ಒಂದು ತಂಡ ಸಿಕ್ಕಿತು. ಫೋನ್‌ನಲ್ಲಿ ಎರಡೇ ಪ್ರಶ್ನೆ ಕೇಳಿದೆ. ಎಷ್ಟು ಜನ ಬರ್ತೀರಿ, ಎಷ್ಟು ಕೊಡಬೇಕು. ಅಷ್ಟೇ.

ಮೂರನೇ ಪ್ರಶ್ನೆ ಕೇಳಲಿಲ್ಲ. ತಪ್ಪು ಆಗಿದ್ದು ಅಲ್ಲೇ.

ಸೆಮಿನಾರ್ ಹಾಲ್ ಸಿಕ್ಕಿದ್ದು ಸಂಜೆ 4ರಿಂದ 6ರವರೆಗೆ. ಫೆಬ್ರವರಿ ತಿಂಗಳು, ಹೊತ್ತು ಮುಳುಗೋದೇ ಆರೂಕಾಲರ ಮೇಲೆ. ಹಾಲಿನ ಎರಡೂ ಕಡೆ ದೊಡ್ಡ ದೊಡ್ಡ ಕಿಟಕಿ, ಮೇಲೆ ಗವಾಕ್ಷಿ ಬೇರೆ. ತೊಗಲು ಗೊಂಬೆ ಅಂದರೆ ಏನು ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಇಲ್ಲದಿದ್ದರೆ ನಾನು ಮಾಡಿದ್ದು ಎಂಥಾ ತಪ್ಪು ಅಂತ ಗೊತ್ತಾಗಲ್ಲ. ಆಡಿನ ಚರ್ಮವನ್ನ ಹೆರೆದು ಹೆರೆದು ಬೆಳಕು ಹಾಯುವಷ್ಟು ತೆಳು ಮಾಡ್ತಾರೆ. ಅದರ ಮೇಲೆ ಚಿತ್ರ ಬರೆದು, ಕೆತ್ತಿ, ಬಣ್ಣ ತುಂಬುತ್ತಾರೆ. ಬಿಳಿ ಪರದೆಯ ಹಿಂದೆ ದೀಪ, ದೀಪಕ್ಕೂ ಪರದೆಗೂ ನಡುವೆ ಗೊಂಬೆ. ಬೆಳಕು ಚರ್ಮದ ಒಳಗಿನಿಂದ ಹಾದು ಬಂದಾಗಲೇ ಆ ಕೆಂಪು, ಆ ಹಸಿರು ಹೊಳೆಯೋದು. ಅಂದರೆ ಪರದೆಯ ಹಿಂದೆ ಮಾತ್ರ ಬೆಳಕಿರಬೇಕು, ನೋಡುವವರ ಕಡೆ ಕತ್ತಲೆ ಇರಬೇಕು. ಆ ಕತ್ತಲೆಯೂ ಆಟದ ಒಂದು ಸಾಮಾನು, ಮದ್ದಳೆ ಇದ್ದ ಹಾಗೆ. ಹಿಂದೆ ರಾತ್ರಿಯಿಡೀ ಆಡಿಸ್ತಿದ್ದಿದ್ದು ಸುಮ್ನೆ ಅಲ್ಲ.

ನಾನು ಅವರನ್ನ ಹಾಡಹಗಲಲ್ಲಿ ಕರೆಸಿದ್ದೆ.

ತಂಡದವರು ಮಧ್ಯಾಹ್ನವೇ ಗೊಂಬೆಯ ಪೆಟ್ಟಿಗೆ ಹೊತ್ತು ಬಂದರು. ತಂಡದ ಹಿರಿಯರನ್ನ ನಾವು ಅಜ್ಜಾ ಅಂತ ಕರೆಯುತ್ತಿದ್ದೆವು. ಹಾಲ್ ನೋಡಿ ಅವರು ಒಂದು ಕ್ಷಣ ಸುಮ್ಮನಾದರು. ಆಮೇಲೆ "ಕತ್ಲಾಗ್ಲಿ, ಆಮ್ಯಾಗ ಆಡಿಸ್ತೀವ್ರೀ ಸರ" ಅಂದರು. ಆರಕ್ಕೆ ಹಾಲ್ ಬಿಡಬೇಕು ಅಜ್ಜಾ ಅಂದೆ. "ಯಾವಾಗ ಆಡಿಸ್ತೀರಿ ಅಂತ ನೀವು ಕೇಳಲೇ ಇಲ್ಲಲ್ರೀ" ಅಂದರು. ಸಿಟ್ಟಿನಿಂದ ಹೇಳಲಿಲ್ಲ. ಅದೇ ನನಗೆ ಜಾಸ್ತಿ ನೋವಾಯಿತು.

ಹಾಸ್ಟೆಲ್‌ನಿಂದ ಬೆಡ್‌ಶೀಟ್ ತಂದು ಕಿಟಕಿಗೆ ಕಟ್ಟಿದೆವು. ಗವಾಕ್ಷಿಗೆ ಕೈ ಸಿಗಲಿಲ್ಲ. ಸ್ವಾಗತ, ಉದ್ಘಾಟನೆ, ಭಾಷಣ ಎಲ್ಲಾ ಮುಗಿದು ಆಟ ಶುರುವಾದಾಗ ಐದು ದಾಟಿತ್ತು. ಪರದೆ ಮೇಲೆ ಕಂಡಿದ್ದು ಮಸುಕು ಮಸುಕು ನೆರಳು. ಹಿಂದಿನ ಸಾಲಿಗೆ ಅದೂ ಕಾಣಲಿಲ್ಲ. ಒಬ್ಬೊಬ್ಬರೇ ಎದ್ದರು. ಮಾರನೇ ದಿನ ವಿಭಾಗದಲ್ಲಿ ಎಲ್ಲರ ಬಾಯಲ್ಲೂ ನಿಮ್ಮದೇ ಮಾತು, ಜಾನಪದ ಇಟ್ಟರೆ ಹುಡುಗರು ಕೂರಲ್ಲ ಅಂತ. ಕಾಣದೇ ಇರೋದನ್ನ ಯಾರು ಕೂತು ನೋಡ್ತಾರೆ ಹೇಳಿ? ಹುಡುಗರ ತಪ್ಪಲ್ಲ, ಅಜ್ಜನ ತಪ್ಪಂತೂ ಅಲ್ಲವೇ ಅಲ್ಲ.

ಮುಂದಿನ ವರ್ಷ ಅದೇ ತಂಡದ ಊರಿಗೆ ಹೋದೆ. ಕ್ಷಮೆ ಕೇಳಿದೆ, ಮತ್ತೆ ಬನ್ನಿ ಅಂತ ಕರೆದೆ. ಈ ಸಲ ಎಲ್ಲವನ್ನೂ ಅಜ್ಜನೇ ಹೇಳಿದರು. ರಾತ್ರಿ ಎಂಟಕ್ಕೆ, ಬಯಲಲ್ಲಿ, ನೆಲಕ್ಕೆ ಜಮಖಾನೆ, ಸುತ್ತಲಿನ ದೀಪ ಆರಿಸಬೇಕು. ಹಾಸ್ಟೆಲ್ ಮುಂದಿನ ಅಂಗಳದಲ್ಲಿ ಪರದೆ ಕಟ್ಟಿದೆವು. ಮೆಸ್ ಊಟ ಅರ್ಧ ಗಂಟೆ ಮುಂಚೆ ಮುಗಿಸಿದೆವು. ಹುಡುಗಿಯರ ಹಾಸ್ಟೆಲ್ ಗೇಟ್ ಆ ಒಂದು ದಿನ ತಡವಾಗಿ ಮುಚ್ಚಲಿ ಅಂತ ವಾರ್ಡನ್ ಹತ್ತಿರ ಮೊದಲೇ ಪತ್ರ ತೆಗೆದುಕೊಂಡೆವು. ಭಾಷಣ ಇಡಲಿಲ್ಲ. ನಗಿಸೋ ಜೋಡಿ ಕಿಳ್ಳೇಕ್ಯಾತ, ಬಂಗಾರಕ್ಕ ಪರದೆ ಮೇಲೆ ಬಂದು ಜಗಳ ಶುರು ಮಾಡಿದ ಕೂಡಲೇ ಅಂಗಳವೆಲ್ಲ ನಗು. ಲಂಕೆ ಸುಡುವ ಹೊತ್ತಿಗೆ ಜಮಖಾನೆ ಸಾಲದೆ ಹುಡುಗರು ಮಣ್ಣಲ್ಲೇ ಕೂತಿದ್ದರು, ಮೆಸ್ ಅಡುಗೆಯವರೂ ಬಂದು ನಿಂತಿದ್ದರು. ಮುಗಿದ ಮೇಲೆ ಅಜ್ಜ ಪರದೆಯ ಹಿಂದಕ್ಕೆ ಎಲ್ಲರನ್ನೂ ಕರೆದು ಗೊಂಬೆ ತೋರಿಸಿದರು. ಒಂದೇ ಚರ್ಮದಲ್ಲಿ ಮೂರು ನಾಲ್ಕು ಪಾತ್ರ ಇರುವ ಗೊಂಬೆಯನ್ನ ನಾನು ಅವತ್ತೇ ಕೈಯಲ್ಲಿ ಹಿಡಿದಿದ್ದು.

2025ರಲ್ಲಿ ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂತು, ಇದೇ ಕಲೆಗೆ. ತೊಂಬತ್ತು ದಾಟಿದ ಹಿರಿಯರು. ಸುದ್ದಿ ಓದಿ ನನಗೆ ಕಣ್ಣು ತುಂಬಿ ಬಂತು. ಆ ಸೆಮಿನಾರ್ ಹಾಲಿನ ಕಿಟಕಿಗಳೂ ನೆನಪಾದವು.

ಡಿಜೆ, ನಟರ ಬಗ್ಗೆ ನಾನು ಹೆಚ್ಚು ಹೇಳಲ್ಲ. ನಟರು ಬಂದರೆ ಜನ ಸೇರ್ತಾರೆ, ಸೆಲ್ಫಿ ತೆಗೆದುಕೊಳ್ತಾರೆ, ಹೋಗ್ತಾರೆ. ಅದಕ್ಕೆ 80 ಸಾವಿರ ಸಾಲೋದೂ ಇಲ್ಲ. ಜಾನಪದ ತಂಡ ಬೇಕಾದರೆ ಬಾಗಲಕೋಟೆಯ ಕರ್ನಾಟಕ ಬಯಲಾಟ ಅಕಾಡೆಮಿಯಲ್ಲಿ ವಿಚಾರಿಸಿ. ದೊಡ್ಡಾಟ, ಸಣ್ಣಾಟ, ಮೂಡಲಪಾಯದಂಥ ಜಾನಪದ ಆಟಗಳು, ತೊಗಲು ಗೊಂಬೆ ಎಲ್ಲಾ ಅವರ ವ್ಯಾಪ್ತಿಗೇ ಬರುತ್ತೆ. ಹಾವೇರಿ ಜಿಲ್ಲೆ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯದವರನ್ನೂ ಕೇಳಬಹುದು. ತಂಡ ಸಿಕ್ಕ ಕೂಡಲೇ ಹಾಲ್ ಬುಕ್ ಮಾಡಬೇಡಿ, ಆಮಂತ್ರಣ ಪತ್ರಿಕೆ ಮುದ್ರಿಸಬೇಡಿ. ಮೊದಲು ಕೇಳಿ. ಯಾವ ಹೊತ್ತು, ಎಂಥ ಜಾಗ, ಎಷ್ಟು ಬೆಳಕು, ಮೈಕ್ ಬೇಕೋ ಬೇಡವೋ, ಎಷ್ಟು ಹೊತ್ತು ಆಡಿಸಿದರೆ ಅವರಿಗೆ ತೃಪ್ತಿ. ಅವರು ಹೇಳಿದ ಹೊತ್ತಿಗೆ ನಿಮ್ಮ ಕಾರ್ಯಕ್ರಮ ಹೊಂದಿಸಿ.

ಇನ್ನೊಂದು. ಕ್ಯಾಂಪಸ್ಸಿನ ಬೀದಿದೀಪದ ಸ್ವಿಚ್ ಯಾರ ಕೈಯಲ್ಲಿದೆ ಅಂತ ಇವತ್ತೇ ವಿಚಾರಿಸಿಡಿ. ನಮ್ಮಲ್ಲಿ ಅದು ಹಿಂದಿನ ಗೇಟಿನ ವಾಚ್‌ಮನ್ ಹತ್ತಿರ ಇತ್ತು, ಅದನ್ನ ಕಂಡುಹಿಡಿಯೋಕೇ ನಮಗೆ ಎರಡು ದಿನ ಬೇಕಾಯಿತು.